ಬಿಳಿ ಗೆರೆ ಕಾಣಬೇಕಿತ್ತು: ಶಿರಸಿಯಿಂದ ನಡೆದ ಆನ್‌ಲೈನ್ ವಿನ್ಯಾಸ ಸಮಾವೇಶವೊಂದರ ಪ್ರಕರಣ ಅಧ್ಯಯನ

ಈ ಪ್ರಕರಣದ ಜನರ ಗುರುತು ಸಿಗದ ಹಾಗೆ ಊರಿನ ಕೆಲ ವಿವರ, ತಾರೀಖು, ಲೆಕ್ಕಗಳನ್ನು ಬದಲಿಸಲಾಗಿದೆ. ಆನ್‌ಲೈನಿನಲ್ಲಿ ವಿನ್ಯಾಸದ ಕಾರ್ಯಕ್ರಮ ಮಾಡಲು ಹೊರಟವರಿಗೆ ಬೇಕಾಗುವುದು ಎಲ್ಲಿ ಎಡವಿದರು, ಯಾಕೆ ಎಡವಿದರು, ಆಮೇಲೆ ಏನನ್ನು ಬದಲಿಸಿದರು ಎಂಬುದು. ಅದನ್ನಷ್ಟೇ ಇಲ್ಲಿ ಬಿಡಿಸಿ ಬರೆಯಲಾಗಿದೆ.

ಹಿನ್ನೆಲೆ

ಶಿರಸಿಯ ಆರು ಜನರ ಒಂದು ವಿನ್ಯಾಸ ಬಳಗ. ಇಬ್ಬರು ವಾಸ್ತುಶಿಲ್ಪಿಗಳು, ಇಬ್ಬರು ಗ್ರಾಫಿಕ್ ಡಿಸೈನರುಗಳು, ಅಡಿಕೆ ಹಾಳೆಯಲ್ಲಿ ತಟ್ಟೆಯಾಚೆಗಿನ ವಸ್ತುಗಳನ್ನು ಮಾಡಿ ನೋಡುತ್ತಿರುವ ಒಬ್ಬರು, ಲೆಕ್ಕಪತ್ರ ಮತ್ತು ಸಂಯೋಜನೆ ನೋಡಿಕೊಳ್ಳುವ ಒಬ್ಬರು. ಜಿಲ್ಲೆಯ ಕೈಕೆಲಸ ಬಲ್ಲವರನ್ನೂ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಪಣಜಿಯ ವಿನ್ಯಾಸಕಾರರನ್ನೂ ಎದುರುಬದುರು ಕೂರಿಸಿ ಮಾತಾಡಿಸಬೇಕೆಂಬುದು ಇವರ ಬಹುದಿನದ ಆಸೆ. ಆರಿಸಿಕೊಂಡ ವಿಷಯ ನಾಲ್ಕು: ಕರಾವಳಿಯ ದೇವಸ್ಥಾನಗಳ ಗೋಡೆ ಮೇಲಿನ ಕಾವಿ ಕಲೆ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವದಿ, ಅಡಿಕೆ ಹಾಳೆ, ಮತ್ತು ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಕಟ್ಟಡ.

ಸಭಾಭವನದಲ್ಲೇ ಮಾಡೋಣವೆಂದು ಮೊದಲು ಲೆಕ್ಕ ಹಾಕಿದರು. ಕಾರವಾರದಿಂದ ಶಿರಸಿಗೆ ಬಂದು ಹೋಗುವುದೇ ಒಂದು ದಿನದ ಕೆಲಸ. ಹಳಿಯಾಳದ ಹಾಡಿಯಿಂದ ಬರುವ ಹೆಂಗಸರಿಗೆ ಎರಡು ದಿನದ ಕೂಲಿ ಹೋಗುತ್ತದೆ. ಬೆಂಗಳೂರಿನವರು ರಾತ್ರಿ ಬಸ್ಸು ಹತ್ತಬೇಕು. ಹಾಗಾಗಿ ಆನ್‌ಲೈನ್ ಎಂದು ತೀರ್ಮಾನವಾಯಿತು. ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಸಭಾಭವನಕ್ಕೆಂದು ಬರೆದಿಟ್ಟ ಕಾರ್ಯಕ್ರಮ ಪಟ್ಟಿಯನ್ನು ಯಾರೂ ಹರಿದು ಹಾಕಲಿಲ್ಲ. ಅದನ್ನೇ ಎತ್ತಿ ತೆರೆಯ ಮೇಲೆ ಇಟ್ಟರು.

ಮೊದಲ ಸಲ

ಜುಲೈ ತಿಂಗಳ ಒಂದು ಶನಿವಾರ ಮತ್ತು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು. ದಿನಕ್ಕೆ ಆರು ಮಾತುಗಾರರು. ಪ್ರವೇಶ ಉಚಿತ. ದೂರದವರಿಗೂ ತಿಳಿಯಲಿ ಎಂದು ನಿರೂಪಣೆ ಇಂಗ್ಲಿಷಿನಲ್ಲಿ. ಹೆಸರು ನೋಂದಾಯಿಸಿದವರು 180, ಮೊದಲ ದಿನ ಬೆಳಿಗ್ಗೆ ಬಂದವರು 70, ಎರಡನೆಯ ದಿನದ ಕೊನೆಗೆ ಉಳಿದವರು 19. ಆ ಹತ್ತೊಂಬತ್ತರಲ್ಲಿ ಆರು ಜನ ಬಳಗದವರೇ.

ಮಳೆಗಾಲವನ್ನು ಆರಿಸಿದ್ದಕ್ಕೆ ಕಾರಣವಿತ್ತು. ತೋಟದ ಕೆಲಸ ಕಮ್ಮಿ, ಮದುವೆ ಮುಂಜಿ ಇಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ. ಆದರೆ ಘಟ್ಟದ ಮೇಲಿನ ಜುಲೈ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ತಗಡಿನ ಮಾಡಿನ ಕೆಳಗೆ ಕೂತ ಮಾತುಗಾರರೊಬ್ಬರ ಸ್ವರ ಮಳೆಯಲ್ಲಿ ಕರಗಿಹೋಯಿತು. ಮೂರು ಸಲ ಕರೆಂಟು ಹೋಯಿತು. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ತೆರೆದು ಎರಡಕ್ಕೂ ಮೈಕು, ಸ್ಪೀಕರು ಬಿಟ್ಟಿದ್ದರಿಂದ ಉದ್ಘಾಟನೆಯಲ್ಲೇ ಕಿವಿಗಡಚಿಕ್ಕುವ ಕೂಗು ಎದ್ದಿತು. ಇವೆಲ್ಲ ಎಲ್ಲರಿಗೂ ಆಗುವ ತೊಂದರೆಗಳು, ಸುಲಭವಾಗಿ ಸರಿಪಡಿಸಬಹುದು. ನಿಜವಾದ ಸೋಲು ಮೊದಲ ದಿನ ಮಧ್ಯಾಹ್ನ ಕಾವಿಯ ಹೊತ್ತಿಗೆ ಆಯಿತು.

ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿಯುತ್ತಾರೆ. ಅದು ಹಸಿಯಿರುವಾಗಲೇ ಚೂಪಾದ ಉಕ್ಕಿನ ಉಪಕರಣದಿಂದ ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. ಬಣ್ಣ ಎರಡೇ, ಕೆಂಪು ಮತ್ತು ಬಿಳಿ. ಗೋವಾದಿಂದ ಉತ್ತರ ಕನ್ನಡದ ಕರಾವಳಿಯವರೆಗೆ ಹಬ್ಬಿದ್ದ ಈ ಕೆಲಸ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗೋಡೆಗಳ ಮೇಲೆ ಹೊಸ ಪೇಂಟಿನ ಅಡಿಗೆ ಹೋಗಿದೆ. ಬಲ್ಲವರು ಕಡಿಮೆ. ಆದ್ದರಿಂದಲೇ ಕುಮಟಾ ಕಡೆಯ ಹಿರಿಯ ಕಲಾವಿದರೊಬ್ಬರು ಒಪ್ಪಿಕೊಂಡಾಗ ಬಳಗಕ್ಕೆ ಹಬ್ಬವಾಗಿತ್ತು.

ಪಟ್ಟಿಯ ಪ್ರಕಾರ ಅವರ ಸರದಿ ಹನ್ನೆರಡಕ್ಕೆ. ಅವರು ಹನ್ನೊಂದೂವರೆಗೇ ಎರಡಡಿ ಹಲಗೆಯ ಮೇಲೆ ಗಾರೆ ಹಾಕಿ, ಕೆಂಪು ಬಳಿದು, ತಿಕ್ಕಿ, ಹದ ನೋಡಿ ಕೂತಿದ್ದರು. ಹಿಂದಿನ ಮಾತುಗಾರರು ಹೊತ್ತು ಮೀರಿದರು, ನಡುವೆ ಕರೆಂಟು ಹೋಯಿತು, ಕ್ಯಾಮೆರಾ ಅವರ ಕಡೆ ತಿರುಗಿದ್ದು ಹನ್ನೆರಡೂ ಮುಕ್ಕಾಲಿಗೆ. ಅಷ್ಟರಲ್ಲಿ ಹದ ತಪ್ಪಿತ್ತು. ಕೆರೆದಲ್ಲೆಲ್ಲ ಗೆರೆಯ ಅಂಚು ಪುಡಿಪುಡಿಯಾಗಿ ಉದುರಿತು. ಸಂಯೋಜಕಿ ಕುಮಟಾದಲ್ಲೇ ಅವರ ಪಕ್ಕ ಕೂತಿದ್ದರು. ಎದುರಿದ್ದ ಲ್ಯಾಪ್‌ಟಾಪಿನ ತೆರೆಯನ್ನು ಕನ್ನಡಕ ಏರಿಸಿ ನೋಡಿದ ಕಲಾವಿದರು ಕೇಳಿದ್ದು ಒಂದೇ ಮಾತು: "ತಂಗೀ, ಗೆರೆ ನನಗೇ ಕಾಣ್ತಾ ಇಲ್ಲ. ನೋಡುವವರಿಗೆ ಎಂತ ಕಾಣ್ತದೆ?"

ಆ ಪ್ರಶ್ನೆಯೇ ಮುಂದಿನ ಎಂಟು ತಿಂಗಳ ಕೆಲಸಕ್ಕೆ ಮೊದಲಾಯಿತು.

ಕಾರಣ ಹುಡುಕಿದ್ದು

ಮರುವಾರ ಬಳಗ ಸೇರಿದಾಗ ಎರಡು ಅಭಿಪ್ರಾಯ ಬಂದವು. ಹೆಚ್ಚಿನವರು ದೂರಿದ್ದು ತಂತ್ರಾಂಶವನ್ನು: ಇನ್ನೂ ದುಬಾರಿಯದ್ದು ತೆಗೆದುಕೊಳ್ಳೋಣ, ಮಳಿಗೆ, ವೇದಿಕೆ ಎಲ್ಲ ಚಿತ್ರದಲ್ಲಿ ತೋರಿಸುವಂಥದ್ದು ಸಿಗುತ್ತದೆ ಎಂದರು. ಸಂಯೋಜಕಿ ಒಪ್ಪಲಿಲ್ಲ. ಕಾರ್ಯಕ್ರಮದ ಮುದ್ರಿಕೆಯನ್ನು (ರೆಕಾರ್ಡಿಂಗನ್ನು) ದೊಡ್ಡ ಮಾನಿಟರಿನಲ್ಲಿ ನೋಡುವುದು ಬಿಟ್ಟು, ಎಲ್ಲರೂ ತಂತಮ್ಮ ಮೊಬೈಲಿನಲ್ಲಿ, ಮೊಬೈಲ್ ಡೇಟಾದಲ್ಲೇ ಪೂರ್ತಿ ನೋಡಿ ಬನ್ನಿ ಎಂದರು. ಈ ಪ್ರಕರಣದಲ್ಲಿ ಸರಿದಾರಿಗೆ ತಿರುಗಿದ್ದು ಇಲ್ಲಿಯೇ. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೊಬೈಲಿನಲ್ಲೇ ಸೇರಿದ್ದರು. ಆಯೋಜಕರು ಮಾತ್ರ 24 ಅಂಗುಲದ ತೆರೆಯಲ್ಲಿ ನೋಡಿ "ಚೆನ್ನಾಗಿದೆ" ಅಂದುಕೊಂಡಿದ್ದರು.

ಗೆರೆ ಏಕೆ ಮಾಯವಾಯಿತು ಎಂಬುದಕ್ಕೆ ಲೆಕ್ಕ ಸರಳ. ಗುಂಪಿನ ವಿಡಿಯೊ ಕರೆಯಲ್ಲಿ ಚಿತ್ರ 360ಪಿ ಗೆ ಇಳಿಯುವುದು ಸಾಮಾನ್ಯ. ಅಂದರೆ ಅಡ್ಡಕ್ಕೆ 640 ಚುಕ್ಕಿ. 60 ಸೆಂಟಿಮೀಟರ್ ಅಗಲದ ಹಲಗೆಯನ್ನು ಪೂರ್ತಿ ತೋರಿಸಿದರೆ ಒಂದು ಸೆಂಟಿಮೀಟರಿಗೆ ಹತ್ತು ಹನ್ನೊಂದು ಚುಕ್ಕಿ, ಒಂದು ಮಿಲಿಮೀಟರಿಗೆ ಒಂದೇ ಚುಕ್ಕಿ. ಮೇಲಾಗಿ ಇಂಥ ವಿಡಿಯೊದಲ್ಲಿ ಹೊಳಪಿನ ಮಾಹಿತಿ ಪ್ರತಿ ಚುಕ್ಕಿಗೂ ಹೋಗುತ್ತದೆ, ಬಣ್ಣದ ಮಾಹಿತಿ ಮಾತ್ರ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಚುಕ್ಕಿಗೆ ಒಂದು ಹೋಗುತ್ತದೆ. ವಿಡಿಯೊ ಕೆಲಸದವರು 4:2:0 ಎನ್ನುವುದು ಇದಕ್ಕೇ. ಹೀಗಾಗಿ ಕಾವಿ ಕೆಲಸದ ಮಿಲಿಮೀಟರ್ ದಪ್ಪದ ಬಿಳಿ ಗೆರೆ ಪಕ್ಕದ ಕೆಂಪಿನಲ್ಲಿ ಕಲಸಿ ಗುಲಾಬಿಯಾಯಿತು. ಎಷ್ಟು ಒಳ್ಳೆಯ ಕ್ಯಾಮೆರಾ ತಂದರೂ ಇದು ಹೀಗೆಯೇ ಆಗುತ್ತಿತ್ತು, ಏಕೆಂದರೆ ನಷ್ಟವಾಗುವುದು ಕ್ಯಾಮೆರಾ ದಾಟಿದ ಮೇಲೆ.

ಅದೇ ಕ್ಯಾಮೆರಾವನ್ನು ಹತ್ತಿರ ತಂದು 12 ಸೆಂಟಿಮೀಟರ್ ಅಗಲವನ್ನಷ್ಟೇ ತೋರಿಸಿದರೆ ಒಂದು ಸೆಂಟಿಮೀಟರಿಗೆ 53 ಚುಕ್ಕಿ, ಮಿಲಿಮೀಟರಿಗೆ ಐದು. ಗೆರೆ ಉಳಿಯುತ್ತದೆ. ಇದನ್ನು ಕಂಡುಕೊಂಡ ಮೇಲೆ ಬಳಗ ಒಂದು ನಿಯಮ ಮಾಡಿಕೊಂಡಿತು: ಮೊದಲು ಚೌಕಟ್ಟಿನ ಅಗಲ ಎಷ್ಟು ಎಂದು ಕೇಳಬೇಕು, ಕ್ಯಾಮೆರಾ ಯಾವುದು ಎಂಬುದು ಆಮೇಲೆ. ವಿನ್ಯಾಸದ ಕಾರ್ಯಕ್ರಮಗಳಲ್ಲಿ ಇದನ್ನು ಮೀರಿದ ನಿಯಮ ಇಲ್ಲ ಎನ್ನಬಹುದು, ಏಕೆಂದರೆ ಇಲ್ಲಿ ಮಾತು ಕೇಳಿದರೆ ಸಾಲದು, ವಸ್ತು ಕಾಣಬೇಕು.

ಸ್ಲೈಡುಗಳದ್ದೂ ಇದೇ ಕತೆ. ಮೊಬೈಲನ್ನು ಅಡ್ಡ ಹಿಡಿದರೂ ಸ್ಲೈಡಿಗೆ ಸಿಗುವ ಅಗಲ ಸುಮಾರು 12 ಸೆಂಟಿಮೀಟರ್. 1920 ಚುಕ್ಕಿ ಅಗಲದ ಸ್ಲೈಡಿನಲ್ಲಿ 24 ಚುಕ್ಕಿ ಎತ್ತರದ ಅಕ್ಷರ ಅಲ್ಲಿ ಒಂದೂವರೆ ಮಿಲಿಮೀಟರ್ ಆಗುತ್ತದೆ. ಕನ್ನಡದ ಒತ್ತಕ್ಷರ ಆ ಅಳತೆಯಲ್ಲಿ ಓದಲು ಬರುವುದಿಲ್ಲ. 48 ಚುಕ್ಕಿಗಿಂತ ಕಡಿಮೆ ಬೇಡವೆಂದು ಗೊತ್ತುಮಾಡಿದರು. ವಾಸ್ತುಶಿಲ್ಪಿಗಳು ಎ1 ಅಳತೆಯ ದೊಡ್ಡ ಕಾಗದದ ನಕ್ಷೆಯನ್ನು ಇಡಿಯಾಗಿ ತೆರೆಯ ಮೇಲೆ ಹಾಕುವುದು ನಿಂತಿತು. ನಕ್ಷೆಯನ್ನು ಆರು ತುಂಡು ಮಾಡಿ, ಮೊದಲು ಇಡೀ ನಕ್ಷೆ ಮೂರು ಸೆಕೆಂಡು, ಆಮೇಲೆ ಒಂದೊಂದೇ ತುಂಡು. ಅಚ್ಚಿನ ಶಾಯಿಗಳ ಬಣ್ಣಪದ್ಧತಿಯಾದ ಸಿಎಂವೈಕೆ ಯಲ್ಲಿ ಉಳಿಸಿದ ಪಿಡಿಎಫ್ ತೆರೆಯಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ಥರ ಮಂಕಾಗಿ ಕಾಣುತ್ತಿತ್ತು. ಎಲ್ಲ ಚಿತ್ರಗಳನ್ನೂ ತೆರೆಗಳ ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿ ಗೆ ಬದಲಿಸಿಯೇ ಕಳಿಸಬೇಕೆಂದು ಮಾತುಗಾರರಿಗೆ ಮೊದಲೇ ತಿಳಿಸಿದರು.

ಸದ್ದಿನ ವಿಷಯ ಬೇರೆಯೇ ಒಂದು ಪಾಠ. ಗಾರೆ ಕೆರೆಯುವ ಸರ್ ಸರ್ ಸದ್ದಿನಲ್ಲೇ ಹದ ಗೊತ್ತಾಗುತ್ತದೆ ಎಂದು ಕಲಾವಿದರು ಹೇಳುತ್ತಿದ್ದರು. ಮುದ್ರಿಕೆಯಲ್ಲಿ ಆ ಸದ್ದೇ ಇರಲಿಲ್ಲ. ಕರೆಯ ತಂತ್ರಾಂಶ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲವೆಂದು ಅಳಿಸುತ್ತದೆ. ಕೆರೆತ, ಹೊಲಿಗೆ, ಉಳಿಯ ಪೆಟ್ಟು ಎಲ್ಲವೂ ಅದಕ್ಕೆ ಗದ್ದಲವೇ. ಜೂಮ್‌ನಲ್ಲಿ "ಒರಿಜಿನಲ್ ಸೌಂಡ್" ಆನ್ ಮಾಡಿದರೆ ಅಳಿಸುವುದಿಲ್ಲ. ಆದರೆ ಆಗ ಮಳೆಯೂ ಪೂರ್ತಿ ಒಳಗೆ ಬರುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕು, ಇಲ್ಲವೇ ಮಳೆಯಿಲ್ಲದ ಹೊತ್ತು ಹುಡುಕಬೇಕು.

ಪೊಟ್ಟಣದ ತೀರ್ಮಾನ

ಎಷ್ಟು ತಿದ್ದಿದರೂ ತೆರೆಯಲ್ಲಿ ಸಿಗದ್ದು ಸ್ಪರ್ಶ. ಹಾಳೆಯ ಒಳಮೈ ನುಣುಪು, ಹೊರಮೈ ಗೀರುಗೀರು. ಕವದಿಯ ತೂಕ ಬೆರಳಿಗೆ ತಿಳಿಯಬೇಕು. ಇಲ್ಲಿ ಬಳಗ ಕಾರ್ಯಕ್ರಮದ ಸ್ವರೂಪವನ್ನೇ ಬದಲಿಸಿತು: ನೋಂದಾಯಿಸಿದವರಿಗೆ ವಸ್ತುಗಳ ಪೊಟ್ಟಣವೊಂದು ಅಂಚೆಯಲ್ಲಿ ಮೊದಲೇ ಹೋಗಬೇಕು, ಅದು ಕೈಯಲ್ಲಿದ್ದಾಗಲೇ ತೆರೆಯ ಮೇಲೆ ಕೆಲಸ ನಡೆಯಬೇಕು. ಉಚಿತ ಪ್ರವೇಶ ಹೋಯಿತು, 60 ಜನರಿಗೆ ಮಾತ್ರ ಸ್ಥಳ ಎಂದಾಯಿತು.

ಸೆಪ್ಟೆಂಬರಿನಲ್ಲಿ ಐದು ಪೊಟ್ಟಣ ಪ್ರಯೋಗಕ್ಕೆ ಕಳಿಸಿದರು. ನಾಲ್ಕರಲ್ಲಿ ಹಾಳೆಗೆ ಬೂಷ್ಟು ಬಂದಿತ್ತು, ಎರಡರಲ್ಲಿ ಗಾರೆಯ ಬಿಲ್ಲೆ ಒಡೆದು ಬಟ್ಟೆಯ ಮೇಲೆಲ್ಲ ಕೆಂಪು ಪುಡಿ. ಒಣಗಿದಂತೆ ಕಂಡ ಹಾಳೆಯೂ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟರೆ ಆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಇದರಿಂದಲೇ ದಿನಾಂಕ ನಿರ್ಧಾರವಾಯಿತು. ನವೆಂಬರಿನಿಂದ ಜನವರಿವರೆಗೆ ಕೊನೆಕೊಯ್ಲು, ರಾತ್ರಿ ಅಡಿಕೆ ಸುಲಿಯುವ ಕೆಲಸ, ಸ್ಥಳೀಯರು ಬರುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷೆ, ಜಾತ್ರೆ. ಉಳಿದದ್ದು ಫೆಬ್ರವರಿ: ಬಿಸಿಲು, ಒಣಹವೆ, ಕರೆಂಟೂ ನೆಟ್ಟಗಿರುವ ತಿಂಗಳು.

ಕೊನೆಗೆ ಪೊಟ್ಟಣದಲ್ಲಿ ಹೋದದ್ದು ಇಷ್ಟು. ಮಂಗಳೂರು ಹಂಚಿನ ಚೂರಿನ ಮೇಲೆ ಗಾರೆ ಹಾಕಿ ಕಾವಿ ಕೆರೆದ 8 ಸೆಂಟಿಮೀಟರ್ ಬಿಲ್ಲೆ. ಗಾರೆಯೊಂದೇ ಇದ್ದರೆ ಒಡೆಯುತ್ತದೆ, ಹಂಚಿನ ಬೆನ್ನು ಕೊಟ್ಟರೆ ತಡೆಯುತ್ತದೆ. ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದ ಮೇಲೆ ಒಡೆಯುವುದು ಬಹುತೇಕ ನಿಂತಿತು. ಮೂರು ದಿನ ಬಿಸಿಲಿಗೆ ಹಾಕಿದ ಹಾಳೆಯ ಒಂದು ತುಂಡು, ಒತ್ತಿ ಆಕಾರ ಕೊಟ್ಟ ಇನ್ನೊಂದು ತುಂಡು. ಎರಡು ಪದರ ಸೇರಿಸಿ ಅರ್ಧ ಹೊಲಿದ ಕವದಿಯ ಗೇಣುದ್ದದ ಚೂರು, ಸೂಜಿ, ದಾರ. ಚಿರೇಕಲ್ಲಿನ ಪುಡಿ ಚಿಕ್ಕ ಡಬ್ಬಿಯಲ್ಲಿ. ಮತ್ತೊಂದು ಕಾರ್ಡು: ಅದರ ಮೇಲೆ ಬೂದು ಬಣ್ಣದ ಒಂದು ಚೌಕ, ಅದೇ ಕೆಮ್ಮಣ್ಣನ್ನು ಕೈಯಿಂದ ಬಳಿದ ಒಂದು ಚೌಕ.

ಆ ಕಾರ್ಡು ಬಳಗದ ಅತ್ಯುತ್ತಮ ಉಪಾಯ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಚೌಕಟ್ಟಿನ ತುಂಬ ಕೆಂಪಿದ್ದಾಗ ಅದು ಬಣ್ಣ ಸರಿಪಡಿಸಲು ಹೋಗಿ ನೀಲಿ ಬೆರೆಸುತ್ತದೆ, ಕಾವಿ ನೇರಳೆ ಕಡೆಗೆ ಜಾರುತ್ತದೆ. ಆದ್ದರಿಂದ ಬೂದು ಚೌಕವನ್ನು ಕ್ಯಾಮೆರಾದೆದುರು ಹಿಡಿದು ವೈಟ್ ಬ್ಯಾಲೆನ್ಸನ್ನು, ಅಂದರೆ ಕ್ಯಾಮೆರಾ ಬಣ್ಣ ಸರಿದೂಗಿಸುವ ಅಳತೆಯನ್ನು, ಅಲ್ಲಿಯೇ ಬಿಗಿಮಾಡಿದರು, ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ಬೆರಳು ಒತ್ತಿ ಹಿಡಿದು ಕಟ್ಟಿಹಾಕಿದರು. ನೋಡುವವರು ತಮ್ಮ ಕೈಯಲ್ಲಿರುವ ಕೆಂಪು ಚೌಕವನ್ನು ತೆರೆಯ ಪಕ್ಕ ಹಿಡಿದು ನೋಡುತ್ತಾರೆ. ತೆರೆಯ ಬಣ್ಣ ಎಷ್ಟು ತಪ್ಪಿದೆ ಎಂದು ಅವರಿಗೇ ಗೊತ್ತಾಗುತ್ತದೆ. ಅವರವರ ತೆರೆಯನ್ನು ತಿದ್ದಲು ಆಯೋಜಕರ ಕೈಯಲ್ಲಿ ಆಗುವುದಿಲ್ಲ. ನಿಜವಾದ ಬಣ್ಣವನ್ನು ಅಂಚೆಯಲ್ಲಿ ಕಳಿಸಲು ಆಗುತ್ತದೆ.

ಶುಲ್ಕ 600 ರೂಪಾಯಿ, 60 ಜನ, ಒಟ್ಟು 36,000. ಪೊಟ್ಟಣಕ್ಕೆ ಅಂಚೆ ಸೇರಿ ತಲಾ 160ರಂತೆ 9,600. ಎಂಟು ಮಾತುಗಾರರಿಗೆ ತಲಾ 2,000ದಂತೆ 16,000. ಚಿತ್ರೀಕರಣದ ದಿನದ ಕೂಲಿಯೆಂದು ನಾಲ್ಕು ಕೈಕೆಲಸದವರಿಗೆ ತಲಾ 1,000 ಬೇರೆ. ತಂತ್ರಾಂಶಕ್ಕೆ 2,400, ಕಾಲರ್ ಮೈಕು ಮತ್ತು ದೀಪಗಳಿಗೆ 3,500. ಉಳಿದದ್ದು 500. ಗೌರವಧನದಲ್ಲಿ ಬೆಂಗಳೂರಿನ ವಾಸ್ತುಶಿಲ್ಪಿಗೂ ಹಳಿಯಾಳದ ಕವದಿ ಹೊಲಿಯುವವರಿಗೂ ವ್ಯತ್ಯಾಸ ಮಾಡಲಿಲ್ಲ. ಮೊದಲ ಸಲ "ಅವಕಾಶ ಕೊಟ್ಟಿದ್ದೇವಲ್ಲ" ಎಂಬ ಭಾವನೆಯಲ್ಲಿ ಕೈಕೆಲಸದವರಿಗೆ ಶಾಲು ಹೊದಿಸಿ ಕಳಿಸಿದ್ದರು. ಅದು ತಪ್ಪು ಎಂದು ಬಳಗ ಸ್ಪಷ್ಟವಾಗಿ ಬರೆದಿಟ್ಟುಕೊಂಡಿದೆ.

ಕೆಲಸ ಮೊದಲೇ, ಮಾತು ನೇರ

ಎರಡು ದಿನದ ಹದಿನಾಲ್ಕು ಗಂಟೆ ನಾಲ್ಕು ಬುಧವಾರಗಳ ಸಂಜೆಗೆ ಇಳಿಯಿತು. ಏಳೂಕಾಲಿಂದ ಎಂಟೂವರೆ, 75 ನಿಮಿಷ. ಕೈಕೆಲಸದ ಭಾಗವನ್ನು ಜನವರಿಯಲ್ಲೇ ಚಿತ್ರೀಕರಿಸಿಟ್ಟರು. ಹಸಿ ಗಾರೆ ಕಾರ್ಯಕ್ರಮ ಪಟ್ಟಿಗೆ ಕಾಯುವುದಿಲ್ಲ ಎಂಬುದು ಮೊದಲ ಸಲವೇ ತಿಳಿದಿತ್ತು. ನೇರಪ್ರಸಾರದಲ್ಲಿ ಉಳಿದದ್ದು ಮಾತು ಮತ್ತು ಪ್ರಶ್ನೆ ಮಾತ್ರ.

ನಿಮಿಷಪಟ್ಟಿ ಹೀಗಿತ್ತು: ಸ್ವಾಗತ 5, ವಿಡಿಯೊದ ಮೊದಲ ಭಾಗ 11, ಪೊಟ್ಟಣದ ವಸ್ತುವನ್ನು ಕೈಗೆತ್ತಿಕೊಳ್ಳುವುದು 8, ವಿಡಿಯೊದ ಎರಡನೆಯ ಭಾಗ 11, ವಿನ್ಯಾಸಕಾರರ ಮಾತು 10, ಪ್ರಶ್ನೋತ್ತರ 25, ಮುಗಿತಾಯ 5. ನಡುವಿನ ಆ ಎಂಟು ನಿಮಿಷವನ್ನು ಕತ್ತರಿಸೋಣವೆಂದು ಇಬ್ಬರು ಹಟ ಹಿಡಿದಿದ್ದರು. ಉಳಿಸಿಕೊಂಡದ್ದು ಒಳ್ಳೆಯದಾಯಿತು. ಜನ ಕ್ಯಾಮೆರಾ ತೆರೆದದ್ದು, ಪರಸ್ಪರ ಮಾತಾಡಲು ಶುರುಮಾಡಿದ್ದು ಆ ಹೊತ್ತಿನಲ್ಲೇ.

ಚಿತ್ರೀಕರಣದಲ್ಲಿ ಕಲಿತದ್ದೂ ಬಹಳ. ಮೊಬೈಲನ್ನು ಮೇಲಿಂದ ಕೆಳಮುಖವಾಗಿ ಕಟ್ಟಲು ಕಬ್ಬಿಣದ ಸ್ಟ್ಯಾಂಡಿಗೆ ಅಡ್ಡಕೋಲು ಬಿಗಿದು, ಇನ್ನೊಂದು ತುದಿಗೆ ಮರಳಿನ ಚೀಲ ತೂಗುಬಿಟ್ಟರು. ಅಗ್ಗದ ಎಲ್‌ಇಡಿ ಟ್ಯೂಬಿನ ಕೆಳಗೆ ಚಿತ್ರದ ಮೇಲೆ ಕಪ್ಪು ಪಟ್ಟೆ ಹರಿದಾಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅಂಥ ದೀಪ ಅದರ ಲಯಕ್ಕೆ ಮಿನುಗುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟು, ವೆಬ್‌ಕ್ಯಾಮಿನಲ್ಲಿ 60 ಹರ್ಟ್ಸ್ ಇದ್ದ ಕಡೆ 50 ಆರಿಸಿದರೆ ಪಟ್ಟೆ ಹೋಗುತ್ತದೆ. ಬೆಳಕು ಗಾರೆಯ ಮೇಲೆ ನೇರ ಬಿದ್ದರೆ ಗೀರಿನ ಆಳ ಕಾಣುವುದಿಲ್ಲ. ಒಂದೇ ಪಕ್ಕದಿಂದ, ತಗ್ಗಿನಿಂದ ಬಿಟ್ಟಾಗ ಗೀರಿನೊಳಗೆ ನೆರಳು ಕೂತು ಕೆತ್ತನೆ ಎದ್ದು ಕಂಡಿತು.

ಕವದಿಗೆ ಚೌಕಟ್ಟು ಎರಡು ಬೇಕಾಯಿತು. ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಈ ಸುತ್ತು ಕಾಣಲು ಅಟ್ಟದ ಮೇಲಿಂದ ಪೂರ್ತಿ ಕವದಿ ಬೇಕು, ಹೊಲಿಗೆಯ ಅಳತೆ ಕಾಣಲು ಒಂದು ಅಂಗೈಯಷ್ಟು ಜಾಗ ಸಾಕು. ಎರಡನ್ನೂ ಬೇರೆಬೇರೆ ಹೊತ್ತಿನಲ್ಲಿ ತೆಗೆದು ಆಮೇಲೆ ಜೋಡಿಸಿದರು.

ಭಾಷೆಯ ತೀರ್ಮಾನಕ್ಕೆ ಜಾಸ್ತಿ ಚರ್ಚೆ ಬೇಕಾಗಲಿಲ್ಲ. ಮೊದಲ ಸಲ ಇಂಗ್ಲಿಷ್ ನಿರೂಪಣೆ ಕೇಳುತ್ತಿದ್ದಂತೆ ಕೈಕೆಲಸದವರು ಮೂಲೆಯಲ್ಲಿ ಕೂತ ಅತಿಥಿಗಳಾಗಿಬಿಟ್ಟಿದ್ದರು. ಈ ಸಲ ಎಲ್ಲವೂ ಕನ್ನಡ. ಚಾಟಿನಲ್ಲಿ ಒಬ್ಬರು ಎರಡು ಮೂರು ನಿಮಿಷಕ್ಕೊಮ್ಮೆ ಇಂಗ್ಲಿಷಿನಲ್ಲಿ ಸಾರಾಂಶ ಹಾಕುತ್ತಿದ್ದರು. ಪಣಜಿಯವರಿಗೆ ಅದು ಸಾಕಾಯಿತು.

ಕರೆಂಟು ಮತ್ತು ಕೇಬಲ್ಲು

ಮನೆಯ ಇನ್ವರ್ಟರಿನ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1,800 ವ್ಯಾಟ್ ಅವರ್. ಎರಡು ಲ್ಯಾಪ್‌ಟಾಪ್ 130 ವ್ಯಾಟ್, ದೀಪ 40, ರೌಟರು ಮತ್ತು ಫೈಬರ್ ಪೆಟ್ಟಿಗೆ 20, ಒಟ್ಟು 190. ಕಾಗದದ ಮೇಲೆ ಒಂಬತ್ತು ಗಂಟೆ. ಹಳೆಯ ಬ್ಯಾಟರಿಯೆಂದು ಅರ್ಧ ಹಿಡಿದರೂ ನಾಲ್ಕೂವರೆ ಗಂಟೆ ಧಾರಾಳ. ಆದರೂ ಮೊದಲ ಸಲ ಕರೆ ಕಡಿದದ್ದೇಕೆ? ರೌಟರು ಇನ್ವರ್ಟರಿನ ಲೈನಿನಲ್ಲಿ ಇರಲೇ ಇಲ್ಲ. ಅದನ್ನು ಜೋಡಿಸಿ, ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿದರು. ಇನ್ನೊಂದು ಕಡೆಗಿದ್ದರೆ ಬದಲಾಗುವ ಕ್ಷಣ ಉದ್ದವಾಗಿ ರೌಟರು ಮತ್ತೆ ಮೊದಲಿಂದ ಏಳಬಹುದು. ಎದ್ದು ನಿಲ್ಲಲು ಅದಕ್ಕೆ ಎರಡು ಮೂರು ನಿಮಿಷ.

ಇಂಟರ್ನೆಟ್ಟಿಗೆ ಎರಡು ಬೇರೆ ಕಂಪನಿಯ ಸಂಪರ್ಕ ಇಟ್ಟುಕೊಂಡರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಘಟ್ಟದ ಸೀಮೆಗೆ ಇದು ಅರ್ಧ ಸತ್ಯ. ಕಂಪನಿ ಎರಡಾದರೂ ಕೇಬಲ್ಲು ಒಂದೇ ರಸ್ತೆಯ ಬದಿಯಲ್ಲಿ ಬಂದಿರಬಹುದು. ಮೊಬೈಲ್ ಗೋಪುರಕ್ಕೆ ಬರುವ ಫೈಬರ್ ಕೂಡ ಅದೇ ಇರಬಹುದು. ದೇವಿಮನೆ ಘಟ್ಟದಲ್ಲೋ ಇನ್ನೆಲ್ಲೋ ಮರ ಬಿದ್ದರೆ, ರಸ್ತೆ ಕೆಲಸದ ಜೆಸಿಬಿ ಒಂದು ಗುಂಡಿ ತೋಡಿದರೆ, ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಬಳಗ ಮೂರನೆಯ ಏರ್ಪಾಡು ಮಾಡಿತು. ಎಲ್ಲ ವಿಡಿಯೊ, ಸ್ಲೈಡು, ನಿಮಿಷಪಟ್ಟಿ, ಪ್ರಶ್ನೆಗಳ ಪಟ್ಟಿಯ ಒಂದೊಂದು ಪ್ರತಿಯನ್ನು ಹುಬ್ಬಳ್ಳಿಯ ಗೆಳೆಯರೊಬ್ಬರ ಲ್ಯಾಪ್‌ಟಾಪಿನಲ್ಲಿ ಇಟ್ಟು, ಅವರನ್ನು ಸಹ ಆತಿಥೇಯರನ್ನಾಗಿ ಮಾಡಿದರು. ಆತಿಥೇಯರ ಸಂಪರ್ಕ ಕಡಿದರೆ ಜೂಮ್ ಆ ಹೊಣೆಯನ್ನು ಸಹ ಆತಿಥೇಯರಿಗೆ ತಾನಾಗಿ ಕೊಡುತ್ತದೆ, ಸಭೆ ಮುಗಿದುಹೋಗುವುದಿಲ್ಲ.

ವೇಗ ನೋಡುವ ಆ್ಯಪಿನ ಒಂದು ಅಂಕಿ ನೋಡಿ ನೆಮ್ಮದಿಪಡಬಾರದು ಎಂದೂ ಕಲಿತರು. ಮಧ್ಯಾಹ್ನದ ವೇಗ ಸಂಜೆ ಏಳಕ್ಕೆ ಇರುವುದಿಲ್ಲ. ಮೂರು ಸಂಜೆ ಅದೇ ಹೊತ್ತಿಗೆ ಹತ್ತು ಹತ್ತು ನಿಮಿಷ ಪಿಂಗ್ (ಸಂಪರ್ಕ ಪರೀಕ್ಷಿಸುವ ಚಿಕ್ಕ ಸಂದೇಶ) ಓಡಿಸಿ, ಎಷ್ಟು ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳೆದುಹೋಗುತ್ತವೆ ಎಂದು ಬರೆದಿಟ್ಟರು. ಸ್ವರ ಕಡಿದುಕಡಿದು ಬರುವುದು ವೇಗ ಕಡಿಮೆಯಾಗಿದ್ದಕ್ಕಿಂತ ಈ ನಷ್ಟದಿಂದಲೇ ಹೆಚ್ಚು. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದ ಮೇಲೆ ನಷ್ಟ ಬಹುತೇಕ ನಿಂತಿತು.

ನಾಲ್ಕು ಬುಧವಾರಗಳು

ಮೊದಲ ಸಂಜೆ ಕಾವಿ. 60ರಲ್ಲಿ 54 ಜನ ಬಂದರು, ಮುಗಿಯುವಾಗಲೂ 51 ಜನ ಇದ್ದರು. ವಿಡಿಯೊ ಹಂಚುವಾಗ "ಶೇರ್ ಸೌಂಡ್", "ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್" ಎರಡಕ್ಕೂ ಟಿಕ್ ಹಾಕಿದ್ದರಿಂದ ಚಿತ್ರ ಜಗ್ಗಲಿಲ್ಲ, ಕೆರೆಯುವ ಸದ್ದು ಎಲ್ಲರಿಗೂ ಕೇಳಿತು. ಕಲಾವಿದರು ಈ ಸಲ ಹಲಗೆಯ ಹಂಗಿಲ್ಲದೆ ಜಗಲಿಯಲ್ಲಿ ಕೂತು ಪ್ರಶ್ನೆಗಳಿಗಷ್ಟೇ ಉತ್ತರಿಸಿದರು. "ಗಾರೆಗೆ ಬೆಲ್ಲ ಯಾಕೆ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಹದಿನೈದು ನಿಮಿಷದ ಮಾತಾಯಿತು. ಸಾಲಾಗಿ ಇಟ್ಟುಕೊಂಡಿದ್ದ ಉಳಿದ ಪ್ರಶ್ನೆಗಳನ್ನು ನಿರೂಪಕರು ಬಿಟ್ಟುಬಿಟ್ಟರು. ಬಿಡುವ ಧೈರ್ಯ ಮಾಡಿದ್ದು ಸರಿ.

ಎರಡನೆಯ ಸಂಜೆ ಕವದಿ. ಹಾಡಿಯಲ್ಲಿ ಡೇಟಾ ಸಿಗುವುದಿಲ್ಲ, ಮಾಮೂಲಿ ಫೋನ್ ಕರೆ ಮಾತ್ರ ನಿಲ್ಲುತ್ತದೆ. ಸಂಯೋಜಕಿ ಕರೆ ಮಾಡಿ, ಸ್ಪೀಕರು ಹಾಕಿದ ಆ ಫೋನನ್ನು ಮೈಕಿನಿಂದ ಗೇಣು ದೂರ ಇಟ್ಟು, ಲ್ಯಾಪ್‌ಟಾಪಿನ ಸ್ಪೀಕರು ಆರಿಸಿ ಹೆಡ್‌ಫೋನ್ ಹಾಕಿಕೊಂಡರು. ಬಂದ ಪ್ರಶ್ನೆಯನ್ನು "ಅಕ್ಕಾ, ಹೀಗೆ ಕೇಳ್ತಿದ್ದಾರೆ" ಎಂದು ತಾವೇ ಫೋನಿಗೆ ಹೇಳುವುದು, ಉತ್ತರ ಎಲ್ಲರಿಗೂ ಕೇಳುವುದು. ಚಿತ್ರವಿಲ್ಲದ ಈ ಏರ್ಪಾಡಿನ ಬಗ್ಗೆ ಅಳುಕಿತ್ತು. ಆದರೆ ಎಲ್ಲರ ಕೈಯಲ್ಲೂ ಅರ್ಧ ಹೊಲಿದ ಚೂರು ಇತ್ತು. ಅಕ್ಕ ಹೇಳಿದ ಹಾಗೆ ಹೊಲಿಯುತ್ತ ಕೇಳಿದರು.

ಮೂರನೆಯ ಸಂಜೆ, ಹಾಳೆ. ಕಾರ್ಯಕ್ರಮದ ನಡುವೆ ಶಿರಸಿಯ ಫೈಬರ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟೂ ಒಂದು ನಿಮಿಷದಲ್ಲಿ ಹೋಯಿತು. ಮಳೆಯಿಲ್ಲ, ಗಾಳಿಯಿಲ್ಲ. ರಸ್ತೆಯಲ್ಲಿ ಎಲ್ಲೋ ಕೇಬಲ್ ತುಂಡಾಗಿತ್ತು. ಹುಬ್ಬಳ್ಳಿಯವರು ನಿಮಿಷಪಟ್ಟಿ ನೋಡಿ ವಿಡಿಯೊದ ಎರಡನೆಯ ಭಾಗ ಹಾಕಿದರು. ಸಿದ್ದಾಪುರದಲ್ಲಿ ಕೂತಿದ್ದ ಹಾಳೆ ಕೆಲಸದವರ ಸಂಪರ್ಕ ಉಳಿದಿತ್ತು, ಮಾತು ಮುಂದುವರಿಯಿತು. ಬಂದವರಲ್ಲಿ ಎಷ್ಟೋ ಜನಕ್ಕೆ ಆತಿಥೇಯರು ಬದಲಾದದ್ದೇ ತಿಳಿಯಲಿಲ್ಲ. ತಪ್ಪಿದ್ದು ಒಂದು: ಚಾಟಿನ ಸಾರಾಂಶ ಬರೆಯುವವರೂ ಶಿರಸಿಯಲ್ಲೇ ಇದ್ದರು. ಅರ್ಧ ಗಂಟೆ ಪಣಜಿಯವರಿಗೆ ಏನೂ ಅರ್ಥವಾಗಲಿಲ್ಲ. ನಾಲ್ಕನೆಯ ಸಂಜೆಗೆ ಆ ಕೆಲಸವನ್ನು ಮಂಗಳೂರಿನವರೊಬ್ಬರಿಗೆ ವಹಿಸಿದರು.

ಚಿರೇಕಲ್ಲಿನ ಸಂಜೆ ಸಪ್ಪೆಯಾಯಿತು. ಡಬ್ಬಿಯಲ್ಲಿ ಕಳಿಸಿದ ಪುಡಿ ಏನನ್ನೂ ಹೇಳಲಿಲ್ಲ. ಕಲ್ಲಿನ ತೂತು, ತೂಕ, ಕೊಯ್ದ ಮೈ ಇದ್ದರೆ ತಾನೇ ಅದು ಚಿರೇಕಲ್ಲು? ಎರಡು ಅಂಗುಲದ ತುಂಡು ಕಳಿಸಿದ್ದರೆ ಅಂಚೆ ಖರ್ಚು ಏರುತ್ತಿತ್ತು ಎಂದು ಪುಡಿ ಕಳಿಸಿದ್ದರು. ಉಳಿತಾಯ ಮಾಡಬಾರದ ಜಾಗ ಅದಾಗಿತ್ತು.

ಮುದ್ರಿಕೆ ಯಾರದ್ದು

ಕಾರ್ಯಕ್ರಮ ಮುಗಿದ ಮೇಲೆ ಎದ್ದ ಪ್ರಶ್ನೆ ಇದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡಿದ್ದರು. ಆದರೂ ಕಲಾವಿದರು ಪೂರ್ತಿ ವಿಡಿಯೊ ನೋಡಿದ ಮೇಲೆ ಒಂದು ವಿನ್ಯಾಸದ ಹತ್ತಿರದ ಚಿತ್ರ ಎಲ್ಲರಿಗೂ ಸಿಗುವುದು ಬೇಡ ಎಂದರು. ಅದು ಅವರ ಮನೆತನ ಒಂದು ದೇವಸ್ಥಾನಕ್ಕೆಂದೇ ಹಾಕುತ್ತ ಬಂದದ್ದು, ಯಾವುದೋ ಹೋಟೆಲಿನ ಗೋಡೆಯಲ್ಲಿ ಸ್ಟಿಕ್ಕರಾಗಿ ನೋಡಲು ಅವರಿಗೆ ಮನಸ್ಸಿಲ್ಲ. ಪತ್ರದಲ್ಲಿ ಸಹಿ ಇದೆ ಎಂದು ಬಳಗ ವಾದ ಮಾಡಲಿಲ್ಲ. ಹನ್ನೆರಡು ಸೆಕೆಂಡಿನ ಆ ಭಾಗ ತೆಗೆದರು. ಪೂರ್ತಿ ಮುದ್ರಿಕೆ ಬಂದವರಿಗೆ ಮಾತ್ರ, 30 ದಿನ. ಸಾರ್ವಜನಿಕರಿಗೆ ಯೂಟ್ಯೂಬಿನಲ್ಲಿ ಸಂಜೆಗೊಂದರಂತೆ ಆರು ನಿಮಿಷದ ತುಣುಕು. ಒಪ್ಪಿಗೆ ಪತ್ರಕ್ಕೂ ಒಂದು ಸಾಲು ಸೇರಿತು: ಸಂಕಲನವಾದ ಮೇಲೆ ನೋಡಿ, ಬೇಡವಾದ ಭಾಗ ತೆಗೆಸುವ ಹಕ್ಕು ಮಾತುಗಾರರಿಗೆ ಇದೆ.

ಶುಲ್ಕ ಕೊಡಲಾಗದ ಜಿಲ್ಲೆಯ ವಿದ್ಯಾರ್ಥಿಗಳಿಗೆ ನೇರಪ್ರಸಾರವನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಕೊಟ್ಟಿದ್ದರು. 480ಪಿ ಯಲ್ಲಿ ನೋಡಿದರೆ ಗಂಟೆಗೆ ಸುಮಾರು 450 ಎಂಬಿ ಎಂದು ಮೊದಲೇ ಹೇಳಿದ್ದರಿಂದ ದಿನದ ಡೇಟಾ ಉಳಿಸಿಕೊಂಡು ಕೂತವರಿದ್ದರು. ಆದರೆ ಅವರ ಕೈಯಲ್ಲಿ ಪೊಟ್ಟಣವಿರಲಿಲ್ಲ, ಎಂಟು ನಿಮಿಷದ ಹೊತ್ತಿನಲ್ಲಿ ಅವರು ಬೇರೆಯವರ ಕೈ ನೋಡುತ್ತ ಕೂರಬೇಕಾಯಿತು. ಮುಂದಿನ ಫೆಬ್ರವರಿಗೆ ಹತ್ತು ಪೊಟ್ಟಣ ಹೆಚ್ಚು ಮಾಡಿ ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳ ಗ್ರಂಥಾಲಯಗಳಲ್ಲಿ ಇಡಲು ಮಾತುಕತೆ ನಡೆದಿದೆ. ಹತ್ತು ಹುಡುಗರು ಒಂದು ಟಿವಿಯ ಮುಂದೆ ಕೂತು, ಒಂದು ಬಿಲ್ಲೆಯನ್ನು ಕೈಯಿಂದ ಕೈಗೆ ದಾಟಿಸಬಹುದು. ಅದರಲ್ಲಿ ಈ ಸಲ ಪುಡಿಯ ಬದಲು ಕಲ್ಲೇ ಇರುತ್ತದೆ.